‘ಸಿಗಲಿಲ್ಲ’ ಅನ್ನುವುದನ್ನೂ ಕಲಿ, ಪುಟ್ಟಿ

ಪುಟ್ಟಿ, ನಿನ್ನ ಹೊಸ ಕೆಲಸದ ಸುದ್ದಿಯನ್ನು ನಿಮ್ಮಮ್ಮ ಫೋನಿನಲ್ಲಿ ಹೇಳಿದ ಧಾಟಿ ಕೇಳಿದರೆ ನಾಳೆಯಿಂದ ರಿಯಾಕ್ಟರ್ ಓಡಿಸುವವಳು ನೀನೇ ಅನ್ನಬೇಕು. “ಅಣುಶಕ್ತಿ ಹಡಗಿನ ಕೆಲಸವಂತೆ ಕಣೋ” ಅಂದಳು ಅಕ್ಕ. ನಾನು ತಿದ್ದಲು ಹೋಗಲಿಲ್ಲ. ಊರಲ್ಲಿ ನಾಲ್ಕು ಜನಕ್ಕೆ ಹೇಳಿಕೊಂಡು ಖುಷಿಪಡಲಿ. ಆದರೆ ನೀನು ಸೇರುತ್ತಿರುವುದು ಎಂಥ ಜಾಗಕ್ಕೆ ಎಂಬುದು ನಿನಗಾದರೂ ಗೊತ್ತಿರಬೇಕು. ವರ್ಜೀನಿಯಾದ ನಾರ್ಫೋಕ್‌ನಲ್ಲಿ ನಿಲ್ಲುವ ಹಡಗುಗಳಿಗೆ ಎಲೆಕ್ಟ್ರಾನಿಕ್ ಬಿಡಿಭಾಗ ಹುಡುಕಿ ತರಿಸಿಕೊಡುವ ಕಂಪನಿಯ ಪರ್ಚೇಸ್ ಮೇಜು ಅದು. ನಾನು ಅಂಥದೇ ಇನ್ನೊಂದು ಕಡೆ, ಬಂದ ಮಾಲನ್ನು ತೆರೆದು ಪರೀಕ್ಷಿಸುವ ಬೆಂಚಿನಲ್ಲಿ ಕೂತು ಕೂದಲು ಹಣ್ಣು ಮಾಡಿಕೊಂಡವನು. ಆ ಸಲಿಗೆಯಿಂದ ಈ ಕಿವಿಮಾತು.

ಮೊದಲು ಆ ‘ಅಣು’ ಎಂಬುದರ ಹೆದರಿಕೆ, ಹೆಮ್ಮೆ ಎರಡನ್ನೂ ಪಕ್ಕಕ್ಕಿಡು. ನಿಮಿಟ್ಸ್ ವರ್ಗದ ವಿಮಾನವಾಹಕ ಹಡಗಿನಲ್ಲಿ ರಿಯಾಕ್ಟರ್‌ಗಳು ಎರಡು. ಅವುಗಳ ಭಾಗಗಳಿಗೆ, ಕಾಗದಪತ್ರಕ್ಕೆ, ನೋಡಬಹುದಾದ ಜನಕ್ಕೆ ಬೇರೆಯದೇ ಕಟ್ಟುಪಾಡು ಇದೆ. ಅಡ್ಮಿರಲ್ ಹೈಮನ್ ರಿಕೋವರ್ ಹಾಕಿಕೊಟ್ಟ ಶಿಸ್ತು ಅದು, ಇವತ್ತಿಗೂ ಸಡಿಲವಾಗಿಲ್ಲ. ಸಾಮಾನ್ಯ ಖರೀದಿ ಮೇಜಿಗೆ ಬರುವುದು ಹಡಗಿನ ಉಳಿದೆಲ್ಲ ಭಾಗದ ಪಾಡು. ಆ ಉಳಿದ ಭಾಗವೇನು ಸಣ್ಣದಲ್ಲ. ಲಕ್ಷ ಟನ್ನಿನ ಹಡಗು, ವಿಮಾನದವರೂ ಸೇರಿ ಐದು ಸಾವಿರದಷ್ಟು ಜನ. ರೇಡಾರ್, ರೇಡಿಯೊ, ಮದ್ದುಗುಂಡಿನ ಲಿಫ್ಟ್, ಪಂಪಿನ ಮೋಟಾರು ಕಂಟ್ರೋಲರ್, ಬೆಂಕಿ ಅಲಾರಂ, ಹಲ್ಲಿನ ಡಾಕ್ಟರ ಕುರ್ಚಿ, ಎಲ್ಲದರೊಳಗೂ ಒಂದೊಂದು ಬೋರ್ಡು. ಇದರ ಮೇಲೆ ವಿಮಾನಗಳ ಪೆಟ್ಟಿಗೆಗಳು ಬೇರೆ. ಅವನ್ನು ಕಳಚಿ ಪರೀಕ್ಷಿಸಲು ಹಡಗಿನೊಳಗೇ ವರ್ಕ್‌ಶಾಪ್ ಇದೆ, ಅಲ್ಲಿ ‘ಕ್ಯಾಸ್’ ಎನ್ನುವ ಪರೀಕ್ಷಾ ಬೆಂಚುಗಳಿವೆ, ಆ ಬೆಂಚುಗಳಿಗೂ ಬಿಡಿಭಾಗ ಬೇಕು. ರಿಯಾಕ್ಟರಿಗೆ ತುಂಬಿದ ಇಂಧನ ಇಪ್ಪತ್ತು ವರ್ಷ ದಾಟಿ ಬರುತ್ತದೆ. ಅದೇ ಹಡಗಿನ ಯಾವುದೋ ಪವರ್ ಸಪ್ಲೈನೊಳಗಿನ ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರ್ ಅಷ್ಟು ದಿನ ಬಾಳುವುದಿಲ್ಲ. ನಿನ್ನ ಸಂಬಳ ಬರುವುದು ಆ ಕೆಪ್ಯಾಸಿಟರಿನ ದೆಸೆಯಿಂದ.

ಇಂಥ ಅಣುಶಕ್ತಿಯ ವಿಮಾನವಾಹಕ ಹಡಗು ಇಟ್ಟುಕೊಂಡಿರುವುದು ಎರಡೇ ದೇಶ: ಅಮೆರಿಕ ಮತ್ತು ಫ್ರಾನ್ಸ್. ನಮ್ಮ ಕಾಲದವರಿಗೆ ಇದರ ಪರಿಚಯ ಆದದ್ದು 1971ರ ಡಿಸೆಂಬರ್‌ನಲ್ಲಿ, ಬಾಂಗ್ಲಾ ಯುದ್ಧದ ನಡುವೆ, ಎಂಟು ರಿಯಾಕ್ಟರುಗಳ ಅಮೆರಿಕದ ‘ಎಂಟರ್‌ಪ್ರೈಸ್’ ಬಂಗಾಳ ಕೊಲ್ಲಿಯತ್ತ ಹೊರಟಾಗ. ರೇಡಿಯೊ ಸುತ್ತ ಕೂತು ಅದನ್ನು ಬೈದವರ ಮನೆಯ ಮೊಮ್ಮಗಳು ಈಗ ಅದೇ ನೌಕಾಪಡೆಗೆ ರಿಲೇ, ಕನೆಕ್ಟರ್ ಹುಡುಕಿಕೊಡುತ್ತಾಳೆ. ಇರಲಿ, ಅದು ಬೇರೆ ಮಾತು. ಆ ಎಂಟರ್‌ಪ್ರೈಸ್ 1961ರಲ್ಲಿ ಸೇವೆಗೆ ಬಂತು, 2012ರವರೆಗೆ ಓಡಿತು. ಅದು ಹುಟ್ಟಿದಾಗ ಅದರ ಮೈಮೇಲಿದ್ದ ಹಲಗೆಯಂಥ ದೊಡ್ಡ ರೇಡಾರುಗಳನ್ನು ನೋಡಿಕೊಳ್ಳುವುದೇ ಒಂದು ಪಡಿಪಾಟಲು ಆಗಿ, 1979ರಲ್ಲಿ ಶುರುವಾದ ದೊಡ್ಡ ದುರಸ್ತಿಯಲ್ಲಿ ಕಿತ್ತು ಹಾಕಿದರು. ಹಡಗು ಮಾತ್ರ ಇನ್ನೂ ಮೂವತ್ತು ವರ್ಷ ಬದುಕಿತು. ಈ ವ್ಯಾಪಾರದ ಬುಡದಲ್ಲಿರುವುದು ಈ ಸಂಗತಿಯೇ. ಹಡಗಿನ ಆಯಸ್ಸು ಬೇರೆ, ಅದರೊಳಗಿನ ಎಲೆಕ್ಟ್ರಾನಿಕ್ಸ್‌ನ ಆಯಸ್ಸು ಬೇರೆ.

ಲೆಕ್ಕ ಹಾಕಿ ನೋಡು. ಇಂಟೆಲ್‌ನ 8080 ಚಿಪ್ ಬಂದದ್ದು 1974ರಲ್ಲಿ. ‘ನಿಮಿಟ್ಸ್’ ಸೇವೆಗೆ ಸೇರಿದ್ದು 1975ರಲ್ಲಿ. ಹತ್ತಿರ ಹತ್ತಿರ ಒಂದೇ ವಯಸ್ಸು. ಆ ಚಿಪ್ಪನ್ನು ಇವತ್ತು ಹಳೆಯ ವಸ್ತು ಕೂಡಿಡುವ ಹುಚ್ಚಿನವರು ಹುಡುಕುತ್ತಾರೆ. ಆ ಹಡಗನ್ನು ಐವತ್ತು ವರ್ಷ ಬಾಳಲೆಂದೇ ಕಟ್ಟಿದ್ದು. ಇಂಟೆಲ್‌ನವರೇ 386 ಚಿಪ್ಪನ್ನು 1985ರಲ್ಲಿ ತಂದು 2007ರವರೆಗೆ ಮಾಡುತ್ತ ಹೋದರು. ಮನೆ ಕಂಪ್ಯೂಟರ್‌ಗಳು ಅದನ್ನು ಮರೆತು ಎಷ್ಟೋ ವರ್ಷವಾಗಿತ್ತು, ಆದರೂ ಯಂತ್ರಗಳೊಳಗೆ ಹುದುಗಿ ಕೂತ ಗಿರಾಕಿಗಳಿಗಾಗಿ ಮಾಡಿದರು. ಅಷ್ಟು ಉದಾರಿಯಾದ ತಯಾರಕರು ಸಿಗುವುದೇ ಅಪರೂಪ, ಅದೂ ಇಪ್ಪತ್ತೆರಡು ವರ್ಷಕ್ಕೆ ಮುಗಿಯಿತು. ಹಡಗಿಗೆ ಅರ್ಧ ಆಯಸ್ಸಿಗೊಮ್ಮೆ ನ್ಯೂಪೋರ್ಟ್ ನ್ಯೂಸ್ ಕಟ್ಟೆಯಲ್ಲಿ ಇಂಧನ ಬದಲಿಸಿ ಮೈಯೆಲ್ಲ ಬಿಚ್ಚಿ ದುರಸ್ತಿ ಮಾಡುತ್ತಾರೆ. ‘ಜಾರ್ಜ್ ವಾಷಿಂಗ್ಟನ್’ 2017ರಲ್ಲಿ ಒಳಗೆ ಹೋದದ್ದು 2023ರಲ್ಲಿ ಹೊರಬಂತು. ಆಗ ಹಳೆಯ ಉಪಕರಣ ತೆಗೆದು ಹೊಸದು ಕೂರಿಸುವುದೂ ಉಂಟು. ಆದರೂ ಎಲ್ಲವನ್ನೂ ಬದಲಿಸಲು ಯಾರ ಬಳಿಯೂ ದುಡ್ಡಿಲ್ಲ. ಹಾಗಾಗಿ ಮೂವತ್ತು ವರ್ಷದ ಹಿಂದಿನ ಬೋರ್ಡು ಹೊಸ ಬೋರ್ಡಿನ ಪಕ್ಕದಲ್ಲೇ ಕೂತು ಕೆಲಸ ಮಾಡುತ್ತಿರುತ್ತದೆ. ಒಂದು ದಿನ ಅದರ ಒಂದು ಚಿಪ್ಪು ಸಾಯುತ್ತದೆ. ಆಗ ನಿನಗೆ ಫೋನು ಬರುತ್ತದೆ.

ಆ ಫೋನಿನ ಬಗ್ಗೆಯೇ ಹೆಚ್ಚು ಹೇಳಬೇಕು. ಅದು ಬಹುಶಃ ಶುಕ್ರವಾರ ಮಧ್ಯಾಹ್ನ ಬರುತ್ತದೆ. ಹಡಗು ಹೊರಡುವ ತಾರೀಖು ಹತ್ತಿರವಾಗಿರುತ್ತದೆ ಅಥವಾ ಆಗಲೇ ಸಮುದ್ರದ ನಡುವೆ ಇರುತ್ತದೆ. ಭಾಗದ ಸಂಖ್ಯೆ ಹೇಳುತ್ತಾರೆ. ನೀನು ತಯಾರಕರನ್ನು ಕೇಳುತ್ತೀಯ, ಮಾಡುವುದು ನಿಲ್ಲಿಸಿ ಬಹಳ ಕಾಲವಾಯಿತು ಅನ್ನುತ್ತಾರೆ. ಅವರ ಅಧಿಕೃತ ಮಾರಾಟಗಾರರನ್ನು ಕೇಳುತ್ತೀಯ, ಸ್ಟಾಕ್ ಇಲ್ಲ. ಹಳೆಯ ಚಿಪ್ಪುಗಳನ್ನು ಮೂಲ ತಯಾರಕರ ಒಪ್ಪಿಗೆ ಪಡೆದು ಕೂಡಿಡುವ, ಕೆಲವನ್ನು ಮತ್ತೆ ತಯಾರಿಸಿಯೂ ಕೊಡುವ ಕಂಪನಿಗಳಿವೆ. ಮೆಸಾಚುಸೆಟ್ಸ್‌ನ ನ್ಯೂಬರಿಪೋರ್ಟ್‌ನ ರೋಚೆಸ್ಟರ್ ಅಂಥದು. ಅಲ್ಲೂ ಇಲ್ಲ. ಆಗ ಕಂಪ್ಯೂಟರ್ ಪರದೆಯಲ್ಲಿ ಒಬ್ಬ ಬ್ರೋಕರ್ ಕಾಣಿಸುತ್ತಾನೆ. ಅವನ ಬಳಿ ಇನ್ನೂರು ಇದೆ. ಎಲ್ಲ ಹೊಸದು, ಎಲ್ಲ ಒಂದೇ ವಾರದ ತಯಾರಿಕೆ, ನಾಳೆಯೇ ಕಳಿಸುತ್ತಾನೆ, ದರವೂ ಹೊರೆಯಲ್ಲ. ತಯಾರಿಸಿದವನ ಬಳಿಯೇ ಇಲ್ಲದ್ದು ಯಾವುದೋ ಬಾಡಿಗೆ ಗೋದಾಮಿನಲ್ಲಿ ಇನ್ನೂರು ಇದೆ ಎಂದರೆ, ಪುಟ್ಟಿ, ಖುಷಿಪಡುವ ಮೊದಲು ಒಂದು ಲೋಟ ನೀರು ಕುಡಿ.

ನಾನು ಬರಿದೇ ಹೆದರಿಸುತ್ತಿಲ್ಲ. ಸೆನೆಟ್‌ನ ರಕ್ಷಣಾ ಸಮಿತಿ 2012ರ ಮೇ ತಿಂಗಳಲ್ಲಿ ಕೊಟ್ಟ ವರದಿ ಇದೆ; ಕೆಲಸಕ್ಕೆ ಸೇರುವ ಮೊದಲು ಓದು, ಕಾದಂಬರಿಗಿಂತ ಚೆನ್ನಾಗಿದೆ. 2009 ಮತ್ತು 2010, ಎರಡೇ ವರ್ಷದ ಲೆಕ್ಕದಲ್ಲಿ ರಕ್ಷಣಾ ಸಾಮಗ್ರಿಯೊಳಗೆ ನಕಲಿ ಎಂದು ಸಂಶಯ ಬಂದ ಎಲೆಕ್ಟ್ರಾನಿಕ್ ಭಾಗಗಳ ಪ್ರಕರಣ ಸುಮಾರು 1,800. ಬಿಡಿ ಬಿಡಿಯಾಗಿ ಎಣಿಸಿದರೆ ಹತ್ತು ಲಕ್ಷ ದಾಟುತ್ತದೆ. ಅದರಲ್ಲಿ ನೂರು ಪ್ರಕರಣಗಳ ಜಾಡು ಹಿಡಿದು ಹೋದಾಗ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚಿನವು ಚೀನಾಕ್ಕೆ ಮುಟ್ಟಿದವು. ನೌಕಾಪಡೆಯ ಎಸ್‌ಎಚ್-60ಬಿ ಹೆಲಿಕಾಪ್ಟರಿನ ರಾತ್ರಿ ನೋಡುವ ಉಪಕರಣದೊಳಗೆ, ಪಿ-8ಎ ವಿಮಾನದ ಮಂಜುಗಡ್ಡೆ ಪತ್ತೆಹಚ್ಚುವ ಭಾಗದೊಳಗೆ ಇಂಥ ಮಾಲು ಹೊಕ್ಕಿತ್ತು.

ಅದೇ ಸುಮಾರಿಗೆ ಅಮೆರಿಕದ ಲೆಕ್ಕಪರಿಶೋಧನಾ ಕಚೇರಿಯವರು ಒಂದು ತಮಾಷೆ ಮಾಡಿದರು. ಹೆಸರಿಗೊಂದು ಸುಳ್ಳು ಕಂಪನಿ ಹುಟ್ಟುಹಾಕಿ ಇಂಟರ್‌ನೆಟ್‌ನಲ್ಲಿ ಮಿಲಿಟರಿ ದರ್ಜೆಯ ಭಾಗಗಳನ್ನು ಕೇಳಿದರು. ಹದಿನಾರು ಬಂದವು. ಹದಿನಾರರಲ್ಲಿ ಒಂದೂ ಸಾಚಾ ಇರಲಿಲ್ಲ. ಕೆಲವಕ್ಕೆ, ತಯಾರಿಕೆ ನಿಂತ ಮೇಲಿನ ತಾರೀಖು ಹಾಕಿ ಕೊಡಿ ಎಂದು ಬೇಕೆಂದೇ ಕೇಳಿದ್ದರು, ಹಾಕಿ ಕೊಟ್ಟರು! ಇನ್ನು ನಾಲ್ಕಂತೂ ಭೂಮಿಯ ಮೇಲೆ ಇಲ್ಲವೇ ಇಲ್ಲದ ಸಂಖ್ಯೆಗಳು, ಕಚೇರಿಯವರೇ ಕೂತು ಹುಟ್ಟಿಸಿದ್ದು. ಅವೂ ಪೆಟ್ಟಿಗೆಯಲ್ಲಿ ಬಂದವು, ಮೇಲೆ ಅಚ್ಚುಕಟ್ಟಾಗಿ ಅದೇ ಸಂಖ್ಯೆ ಮುದ್ರಿಸಿಕೊಂಡು. ಕೇಳಿದ್ದಕ್ಕೆಲ್ಲ ‘ಇದೆ’ ಅನ್ನುವವನ ಗುಣ ಏನು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ನಾನು ಕಂಡಿಲ್ಲ. ಹೊಸ ಬ್ರೋಕರ್ ಸಿಕ್ಕಾಗ ನೀನೂ ಒಂದು ಸುಳ್ಳು ಸಂಖ್ಯೆ ಕೇಳಿ ನೋಡಬಹುದು. ನಮ್ಮ ಬೆಂಚಿನವರಿಗೆ ಅದೊಂದು ಗುಟ್ಟಿನ ಚಟವಾಗಿತ್ತು.

ಅಣುಶಕ್ತಿ ಹಡಗುಗಳ ಮಟ್ಟಿಗೆ ಹೇಳುವುದಾದರೆ ನೀರಿನ ಮೇಲಿನದಕ್ಕಿಂತ ಕೆಳಗಿನದರ ಕಥೆ ಹೆಚ್ಚು ಚಳಿ ಹುಟ್ಟಿಸುತ್ತದೆ. ಅಣು ಸಬ್‌ಮರಿನ್‌ಗಳ ನೆಲೆಗೆ ಹೋಗಬೇಕಿದ್ದ ನಕಲಿ ಚಿಪ್ಪುಗಳನ್ನು ಮಾರಿದ ಮೆಸಾಚುಸೆಟ್ಸ್‌ನ ಒಬ್ಬ ವ್ಯಾಪಾರಿ 2014ರಲ್ಲಿ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡ. ಮರುವರ್ಷ 37 ತಿಂಗಳ ಜೈಲಾಯಿತು. ಅವನು ಸಮುದ್ರಗಳ್ಳನಂಥ ದೈತ್ಯನೇನಲ್ಲ. ನಿನ್ನಂತೆಯೇ ಮೇಜು, ಫೋನು, ಗೋದಾಮು ಇಟ್ಟುಕೊಂಡವನು.

ಈಗ ನಕಲಿ ಮಾಡುವುದು ಹೇಗೆ ಎಂಬುದನ್ನು ತಿಳಿದುಕೋ. ನಾವು ಚಿಕ್ಕವರಿದ್ದಾಗ ನಿಮ್ಮಜ್ಜ ದನದ ಜಾತ್ರೆಗೆ ಕರೆದುಕೊಂಡು ಹೋಗುತ್ತಿದ್ದರು. ಮುದಿ ಎತ್ತಿನ ಕೋಡು ಹೆರೆದು, ಎಣ್ಣೆ ಹಚ್ಚಿ ಹೊಳೆಸಿ, ಪ್ರಾಯದ್ದು ಎಂದು ಮಾರುವ ದಲ್ಲಾಳಿಗಳಿರುತ್ತಿದ್ದರು. ಅಜ್ಜ ಕೋಡಿನ ಕಡೆ ಕಣ್ಣೆತ್ತಿಯೂ ನೋಡದೆ ನೇರ ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದರು. ಚಿಪ್ಪಿನ ಕಥೆಯೂ ಇದೇ. ಜಗತ್ತಿನ ಕಂಪ್ಯೂಟರ್ ಕಸವೆಲ್ಲ ಬಂದು ಬೀಳುತ್ತಿದ್ದ ದಕ್ಷಿಣ ಚೀನಾದ ಗುಯಿಯುವಿನಂಥ ಊರುಗಳಲ್ಲಿ ಬೋರ್ಡುಗಳನ್ನು ಕಾಯಿಸಿ ಚಿಪ್ಪುಗಳನ್ನು ಉದುರಿಸುತ್ತಿದ್ದರು, ತೊಳೆಯುತ್ತಿದ್ದರು, ಬಿಸಿಲಿಗೆ ಹರವುತ್ತಿದ್ದರು. ಮೇಲಿನ ಬರಹವನ್ನು ಉಜ್ಜಿ ತೆಗೆದು, ಆ ಗೀರು ಕಾಣದಂತೆ ಕಪ್ಪು ಲೇಪ ಬಳಿದು, ಹೊಸ ಸಂಖ್ಯೆ, ಹೊಸ ತಾರೀಖು ಅಚ್ಚು ಹಾಕುತ್ತಾರೆ. ಕಾಲುಗಳಿಗೆ ಮತ್ತೆ ತವರ ಮುಳುಗಿಸಿ ಹೊಳಪು ಕೊಡುತ್ತಾರೆ.

ಕೆಲವೊಮ್ಮೆ ಅಷ್ಟೂ ಬೇಡ, ಒಂದೇ ಅಂಕಿ ಸಾಕು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನವರ ಹಳೆಯ ಲಾಜಿಕ್ ಚಿಪ್ಪುಗಳಲ್ಲಿ 54 ಎಂದು ಶುರುವಾಗುವುದು ಮಿಲಿಟರಿ ದರ್ಜೆ. ಸೊನ್ನೆಗಿಂತ 55 ಡಿಗ್ರಿ ಕೆಳಗಿನಿಂದ 125 ಡಿಗ್ರಿ ಸೆಲ್ಸಿಯಸ್‌ವರೆಗೆ ತಡೆಯುತ್ತದೆ. 74 ಎಂದು ಶುರುವಾಗುವುದು ಮನೆ, ಆಫೀಸಿನದು. ಸೊನ್ನೆಯಿಂದ 70 ಡಿಗ್ರಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕಾಲೇಜು ಪ್ರಾಜೆಕ್ಟಿಗೆ ನೀನು ಕೊಂಡದ್ದೆಲ್ಲ 74. ಅದರ ಏಳನ್ನು ಅಳಿಸಿ ಐದು ಮಾಡಿದರೆ ಬೆಲೆ ಎಷ್ಟೋ ಪಟ್ಟು ಏರುತ್ತದೆ. ಆ ಚಿಪ್ಪು ಮೇಜಿನ ಮೇಲೆ ಸರಿಯಾಗಿಯೇ ಓಡುತ್ತದೆ, ಅದೇ ಅದರ ಕೆಟ್ಟತನ. ಅರಬ್ಬೀ ಸಮುದ್ರದ ಬೇಸಿಗೆಯಲ್ಲಿ ಡೆಕ್ಕಿನ ಕೆಳಗಿನ ಬಿಸಿ ಪೆಟ್ಟಿಗೆಯೊಳಗೆ ಕೂತಾಗ ತನ್ನ ನಿಜವಾದ ಹುಟ್ಟನ್ನು ತೋರಿಸುತ್ತದೆ, ಅದೂ ಒಮ್ಮೊಮ್ಮೆ ಮಾತ್ರ. ಬಂದು ಹೋಗುವ ದೋಷದಷ್ಟು ರಿಪೇರಿಯವನ ಪ್ರಾಣ ತಿನ್ನುವುದು ಬೇರೆ ಯಾವುದೂ ಇಲ್ಲ.

ಕೆಲಸ ಕಡಿಮೆ ಇದ್ದ ದಿನ ಪರೀಕ್ಷೆ ಬೆಂಚಿಗೆ ಹೋಗಿ ಕೂತುಕೋ. ಪರ್ಚೇಸಿನವರು ಸಾಮಾನ್ಯವಾಗಿ ಅಲ್ಲಿಗೆ ಬರುವುದಿಲ್ಲ, ಬಂದರೆ “ಇನ್ನೂ ಎಷ್ಟು ಹೊತ್ತು?” ಎಂದು ಕೇಳಲು ಮಾತ್ರ. ನೀನು ಭೂತಗನ್ನಡಿ ಹಿಡಿದು ನೋಡು. ಒಂದನೇ ಕಾಲಿನ ಗುರುತಿಗೆಂದು ಮೈಮೇಲೆ ಇರುವ ಸಣ್ಣ ಗುಳಿ ಎಲ್ಲದರಲ್ಲೂ ಒಂದೇ ಆಳ ಇದೆಯೋ, ಅರ್ಧಂಬರ್ಧ ಲೇಪದಿಂದ ತುಂಬಿದೆಯೋ? ಮೇಲ್ಮೈ, ಕೆಳಮೈ ಒಂದೇ ಒರಟೋ? ನಾಲ್ಕು ಅಂಕಿಯ ತಾರೀಖು ಓದು: 0432 ಎಂದರೆ 2004ರ ಮೂವತ್ತೆರಡನೇ ವಾರ. ತಯಾರಕರು 2001ಕ್ಕೇ ನಿಲ್ಲಿಸಿದ ಚಿಪ್ಪಿನ ಮೇಲೆ ಅದಿದ್ದರೆ ಮುಂದಿನ ಪರೀಕ್ಷೆಯೇ ಬೇಡ. ಆಸಿಟೋನ್ ಅದ್ದಿದ ಹತ್ತಿಯಿಂದ ಒರೆಸಿದರೆ ಹಿಂದೆಲ್ಲ ಕಪ್ಪು ಬಿಟ್ಟುಬಿಡುತ್ತಿತ್ತು. ಈಗಿನ ಲೇಪಗಳು ಅದಕ್ಕೆ ಜಗ್ಗುವುದಿಲ್ಲ, ಬೇರೆ ದ್ರಾವಣ ಬೇಕು. ಕಳ್ಳನೂ ನಮ್ಮ ಕೈಪಿಡಿಗಳನ್ನು ಓದುತ್ತಾನೆ. ಆಮೇಲೆ ಎಕ್ಸ್-ರೇ: ಒಂದೇ ಲಾಟಿನ ಚಿಪ್ಪುಗಳೊಳಗೆ ಬೇರೆ ಬೇರೆ ಅಳತೆಯ ಸಿಲಿಕಾನ್ ಕಂಡರೆ ಮುಗಿಯಿತು. ಕೊನೆಗೆ ಒಂದೆರಡನ್ನು ಆಸಿಡ್ಡಿನಲ್ಲಿ ತೆರೆದು ಒಳಗಿನ ಸಿಲಿಕಾನಿನ ಮೇಲೆ ತಯಾರಕರು ಕೆತ್ತಿದ ಹೆಸರು ಓದುವುದು. ಮೈಮೇಲೊಂದು ಕಂಪನಿ, ಒಳಗೊಂದು ಕಂಪನಿ ಇದ್ದದ್ದನ್ನು ನಾನು ಕಂಡಿದ್ದೇನೆ. ಒಹಾಯೋದ ಕೊಲಂಬಸ್‌ನಲ್ಲಿ ಈ ಭಾಗಗಳ ಖರೀದಿ ನೋಡಿಕೊಳ್ಳುವ ಡಿಫೆನ್ಸ್ ಲಾಜಿಸ್ಟಿಕ್ಸ್ ಏಜೆನ್ಸಿಯವರು 2012ರಲ್ಲಿ ಸಸ್ಯದ ಡಿಎನ್‌ಎ ಬೆರೆಸಿದ ಶಾಯಿಯಿಂದ ಚಿಪ್ಪಿಗೆ ಗುರುತು ಹಾಕಬೇಕು ಎಂದು ನಿಯಮ ತಂದಾಗ ನಮ್ಮಲ್ಲಿ ನಕ್ಕವರೇ ಹೆಚ್ಚು. ಗುರುತು ಹಾಕಿದವನು ಯಾರು ಎಂಬುದನ್ನು ಅದು ಹೇಳುತ್ತದೆಯೇ ಹೊರತು ಅದಕ್ಕೆ ಮುಂಚೆ ಚಿಪ್ಪು ಎಲ್ಲಿತ್ತು ಎಂಬುದನ್ನು ಹೇಳುವುದಿಲ್ಲ. ನನ್ನ ಮಟ್ಟಿಗೆ ಯಾವ ಪರೀಕ್ಷೆಯೂ, ತಯಾರಕರ ಬಾಗಿಲಿನಿಂದ ನಿನ್ನ ಬಾಗಿಲಿನವರೆಗೆ ಕೊಂಡಿ ತಪ್ಪದೆ ಬಂದ ಬಿಲ್ಲು, ಸರ್ಟಿಫಿಕೇಟುಗಳಿಗೆ ಸಮವಲ್ಲ. ಆ ಕೊಂಡಿ ಒಂದು ಕಡೆ ತುಂಡಾಗಿದ್ದರೆ ಉಳಿದದ್ದೆಲ್ಲ ಊಹೆ.

ಇಷ್ಟೆಲ್ಲ ಹೇಳಿದ್ದು ಒಂದು ಮಾತಿಗಾಗಿ. ಆ ಶುಕ್ರವಾರದ ಫೋನಿಗೆ, ಹುಡುಕಿ ಹುಡುಕಿ ಎಲ್ಲೂ ಕಾಣದಿದ್ದಾಗ, “ನಂಬುವಂಥದ್ದು ಸಿಗಲಿಲ್ಲ” ಎಂದು ಹೇಳಲು ಹಿಂಜರಿಯಬೇಡ. ಹೊಸದಾಗಿ ಸೇರಿದವರಿಗೆ ಅದು ಸೋಲು ಅನ್ನಿಸುತ್ತದೆ. ನೀನು ಮೊದಲೇ ಯಾರಿಗೂ ಇಲ್ಲ ಅನ್ನಲಾರದ ಹುಡುಗಿ, ಮದುವೆಮನೆಯಲ್ಲಿ ಮೂರನೇ ಸಲ ಹೋಳಿಗೆ ಬಡಿಸಿದರೂ ಸುಮ್ಮನೆ ತಿನ್ನುವವಳು. ಆದರೆ ಸಿಗಲಿಲ್ಲ ಎಂಬುದೂ ಹಡಗಿಗೆ ಒಂದು ಸುದ್ದಿ, ಉಪಯೋಗಕ್ಕೆ ಬರುವ ಸುದ್ದಿ. ಅದು ತಲುಪಿದ ಕೂಡಲೇ ಬೇರೆ ಬಾಗಿಲುಗಳು ತೆರೆಯುತ್ತವೆ. ನಕಲಿಯೊಂದನ್ನು ಕಳಿಸಿದೆ ಅಂತಿಟ್ಟುಕೋ. ಎಲ್ಲರೂ ಸಮಸ್ಯೆ ಬಗೆಹರಿಯಿತು ಎಂದು ಕಡತ ಮುಚ್ಚುತ್ತಾರೆ, ಆ ಬಾಗಿಲುಗಳು ಒಂದೂ ತೆರೆಯುವುದಿಲ್ಲ.

ಯಾವ ಬಾಗಿಲು ಅಂತೀಯ? ಒಂದು ಹಡಗಿನೊಳಗೇ ಇದೆ. ‘ಟು-ಎಂ’ ಎಂದು ಕರೆಯುವ ಬೆಂಚು, ಮೈಕ್ರೊಸ್ಕೋಪು, ಸೋಲ್ಡರಿಂಗ್ ಕಡ್ಡಿ, ಅದಕ್ಕೆಂದೇ ತರಬೇತಿಯಾದ ನಾವಿಕರು. ಬೋರ್ಡನ್ನೇ ಬದಲಿಸುವ ಬದಲು ಅದರ ಮೇಲಿನ ಕೆಟ್ಟ ಭಾಗವನ್ನು ಹುಡುಕಿ, ಹರಿದ ತಾಮ್ರದ ಗೆರೆಯನ್ನೂ ಕೂಡಿಸಿ ಎಬ್ಬಿಸಿ ನಿಲ್ಲಿಸುತ್ತಾರೆ. ಇಪ್ಪತ್ತೆರಡರ ಹುಡುಗಿಯರು ಅಲೆಯ ಮೇಲೆ ತೂಗುವ ಕೋಣೆಯಲ್ಲಿ ಕೂತು ಮಾಡುವ ಆ ಕುಸುರಿ ಕೆಲಸದ ಬಗ್ಗೆ ನನಗೆ ಅಡ್ಮಿರಲ್‌ಗಳ ಮೇಲಿಗಿಂತ ಹೆಚ್ಚು ಗೌರವ. ಅವರಿಗೆ ಬೇಕಾದದ್ದು ಕೆಲವೊಮ್ಮೆ ನೂರಾರು ಡಾಲರಿನ ಬೋರ್ಡಲ್ಲ, ಅದರ ಮೇಲಿನ ಎಂಟಾಣೆಯ ಡಯೋಡು. ಹಾಗಾಗಿ ಪೂರ್ತಿ ಬೋರ್ಡು ಸಿಗದಾಗ “ಒಳಗೆ ಯಾವ ಭಾಗ ಕೆಟ್ಟಿದೆ?” ಎಂದು ಕೇಳುವ ಅಭ್ಯಾಸ ಇಟ್ಟುಕೋ.

ಇನ್ನೊಂದು ಬಾಗಿಲು ಪಕ್ಕದ ಹಡಗು. ಬಂದರಿನಲ್ಲಿ ನಿಂತದ್ದರಿಂದ ಕಿತ್ತು, ಹೊರಟು ನಿಂತದ್ದಕ್ಕೆ ಹಾಕುವುದು. ಯಾರಿಗೂ ಇಷ್ಟವಿಲ್ಲ, ಎಲ್ಲರೂ ಮಾಡುತ್ತಾರೆ. ‘ಜೆರಾಲ್ಡ್ ಫೋರ್ಡ್’ 2017ರಲ್ಲಿ ಸೇವೆಗೆ ಬಂತಲ್ಲ, ಅದರ ಮದ್ದುಗುಂಡಿನ ಹನ್ನೊಂದು ಲಿಫ್ಟ್‌ಗಳಿಗೆ ಕೇಬಲ್ಲಿಲ್ಲ, ವಿದ್ಯುತ್ಕಾಂತದ ಮೋಟಾರುಗಳೇ ಎತ್ತುತ್ತವೆ. ಹೊಸ ತಂತ್ರ, ಬಿಡಿಭಾಗಗಳ ದಾಸ್ತಾನು ಸಾಲದೆ, ಇನ್ನೂ ಕಟ್ಟೆಯಲ್ಲಿ ಕಟ್ಟಿಸಿಕೊಳ್ಳುತ್ತಿದ್ದ ತಂಗಿ ಹಡಗು ‘ಜಾನ್ ಎಫ್. ಕೆನಡಿ’ಯ ಭಾಗಗಳನ್ನು ತೆಗೆದು ಇದಕ್ಕೆ ಹಾಕಿದರು. 2021ರಲ್ಲಿ ಇದು ಸುದ್ದಿಯಾಯಿತು. ಹೊಸ ಹಡಗಿಗೆ ಬಿಡಿಭಾಗದ ತೊಂದರೆ ಇರುವುದಿಲ್ಲ ಎಂದುಕೊಂಡವರಿಗೆ ಒಳ್ಳೆಯ ಪೆಟ್ಟು. ಫ್ರೆಂಚರ ಪಾಡು ಇನ್ನೂ ಕಷ್ಟ. ಅವರಿಗೆ ಇರುವುದೇ ಒಂದು, 2001ರಿಂದ ಓಡುತ್ತಿರುವ ‘ಚಾರ್ಲ್ಸ್ ದ ಗಾಲ್’. ಸಾಲ ಕೇಳಲು ತಂಗಿ ಹಡಗಿಲ್ಲ. 2019ರಲ್ಲಿ ಅದು ಗೋವಾ ಕಡಲಿಗೆ ಬಂದು ನಮ್ಮ ಕಾರವಾರದ ‘ವಿಕ್ರಮಾದಿತ್ಯ’ದ ಜೊತೆ ಸಮರಾಭ್ಯಾಸ ಮಾಡಿತು, ಆದರೆ ರಷ್ಯಾದಿಂದ ಬಂದ, ಬಾಯ್ಲರಿನ ಹಬೆಯಲ್ಲಿ ಓಡುವ ನಮ್ಮ ಹಡಗಿನಿಂದ ಫ್ರೆಂಚರಿಗೆ ಯಾವ ಬೋರ್ಡು ತಾನೆ ಹೊಂದೀತು?

ಮೂರನೆಯದು ಚಿಪ್ಪನ್ನೇ ಮರುಸೃಷ್ಟಿಸುವುದು. ಹಳೆಯ ಲಾಜಿಕ್ ಚಿಪ್ಪಿನ ವರ್ತನೆಯನ್ನು ಅಳೆದು, ಅದೇ ಗಾತ್ರ, ಅದೇ ಕಾಲು, ಅದೇ ಕೆಲಸದ ಹೊಸ ಚಿಪ್ಪು ಮಾಡಿಕೊಡುವ ‘ಜೆಮ್’ ಎಂಬ ಕಾರ್ಯಕ್ರಮವನ್ನು ಡಿಫೆನ್ಸ್ ಲಾಜಿಸ್ಟಿಕ್ಸ್ ಏಜೆನ್ಸಿ ನಡೆಸುತ್ತದೆ. ಸಮಯ ಹಿಡಿಯುತ್ತದೆ, ದುಬಾರಿ. ಅಷ್ಟು ಖರ್ಚು ಮಾಡಲು ಯಾರಾದರೂ ಒಪ್ಪಬೇಕಾದರೆ, ಇಂತಿಷ್ಟು ಸಲ ಕೇಳಿದರು, ಇಂತಿಷ್ಟು ಸಲ ಸಿಗಲಿಲ್ಲ ಎಂಬ ದಾಖಲೆ ಬೇಕು. ಆ ದಾಖಲೆಯಲ್ಲಿ ನಿನ್ನ ‘ಸಿಗಲಿಲ್ಲ’ ಒಂದು ಸಾಲು. ಬೋರ್ಡನ್ನೇ ಹೊಸದಾಗಿ ವಿನ್ಯಾಸ ಮಾಡುವ ತೀರ್ಮಾನವೂ ಹೀಗೆಯೇ ಆಗುವುದು.

ಮೇಲಿನವರು ಆರ್ಡರ್ ಕಳೆದೆ ಎಂದು ಗೊಣಗಬಹುದು. ಅವರಿಗೆ ನ್ಯಾಯ ನೀತಿ ಹೇಳಲು ಹೋಗಬೇಡ, ಕಾನೂನು ತೋರಿಸು. 2011ರ ಕೊನೆಯ ದಿನ ಸಹಿಯಾದ ರಕ್ಷಣಾ ಕಾಯ್ದೆಯ 818ನೇ ಸೆಕ್ಷನ್ ಪ್ರಕಾರ ನಕಲಿ ಭಾಗ ಹೊಕ್ಕರೆ ಅದನ್ನು ತೆಗೆದು ಸರಿಪಡಿಸುವ ಖರ್ಚನ್ನು ಗುತ್ತಿಗೆದಾರರು ಸಾಮಾನ್ಯವಾಗಿ ಸರ್ಕಾರದ ಮೇಲೆ ಹಾಕುವಂತಿಲ್ಲ. ಐದು ಡಾಲರಿನ ಚಿಪ್ಪಿಗಾಗಿ ಎಷ್ಟು ಪೆಟ್ಟಿಗೆ ಬಿಚ್ಚಬೇಕಾಗುತ್ತದೆ ಎಂದು ಅವರೇ ಲೆಕ್ಕ ಹಾಕಿಕೊಳ್ಳಲಿ.

ಸಾಚಾ ಮಾಲೂ ಕೈಕೊಡುತ್ತದೆ, ಅದನ್ನು ಮರೆಯಬೇಡ. ಯುರೋಪಿನವರು 2006ರ ಜುಲೈನಿಂದ ಎಲೆಕ್ಟ್ರಾನಿಕ್ಸ್‌ನಲ್ಲಿ ಸೀಸ ಬೇಡ ಎಂದರು. ಆರೋಗ್ಯಕ್ಕೆ ಒಳ್ಳೆಯದೇ. ಆದರೆ ಸೀಸ ಬೆರೆಸದ ಶುದ್ಧ ತವರದ ಲೇಪಕ್ಕೆ ಒಂದು ವಿಚಿತ್ರ ಚಾಳಿ ಇದೆ: ಕಾಲ ಕಳೆದಂತೆ ಅದರಿಂದ ಕೂದಲಿಗಿಂತ ತೆಳುವಾದ ಲೋಹದ ಎಳೆಗಳು ತಾವಾಗಿ ಬೆಳೆಯುತ್ತವೆ. ಪಕ್ಕದ ಕಾಲಿಗೆ ತಾಕಿದರೆ ಶಾರ್ಟ್. 2005ರಲ್ಲಿ ಕನೆಕ್ಟಿಕಟ್‌ನ ಮಿಲ್‌ಸ್ಟೋನ್ ಅಣು ವಿದ್ಯುತ್ ಸ್ಥಾವರದ ಮೂರನೇ ಘಟಕ ತಾನಾಗಿ ನಿಂತುಹೋಯಿತು. ಹುಡುಕಿದರೆ ರಕ್ಷಣಾ ವ್ಯವಸ್ಥೆಯ ಒಂದು ಕಾರ್ಡಿನ ಮೇಲೆ ಬೆಳೆದ ತವರದ ಒಂದು ಎಳೆ, ಹಬೆಯ ಒತ್ತಡ ಕುಸಿದಿದೆ ಎಂಬ ಸುಳ್ಳು ಸಂಕೇತ ಕಳಿಸಿತ್ತು. ಸೈನ್ಯದ ನಕ್ಷೆಗಳಲ್ಲಿ ‘ಶುದ್ಧ ತವರ ಕೂಡದು’ ಎಂಬ ಸಾಲನ್ನು ಕಂಡರೆ ಅದು ಹಳೆ ಕಾಲದವರ ಮಡಿ ಅಂದುಕೊಳ್ಳಬೇಡ. ಅಂಗಡಿಯವನು “ಅದೇ ಭಾಗ, ಈಗ ಸೀಸ ಇಲ್ಲದ್ದು, ಇನ್ನೂ ಒಳ್ಳೆಯದು” ಅಂದರೆ ಬೇಡ ಅನ್ನು. ದಾಸ್ತಾನಿನ ಕೆಪ್ಯಾಸಿಟರಿನ ವಯಸ್ಸು ಕೇಳು. ಉಪಯೋಗಿಸದೆ ಇಟ್ಟರೂ ಅವು ಸೊರಗುತ್ತವೆ. ಚಿಪ್ಪುಗಳು ಬರುವ ಬೆಳ್ಳಿ ಬಣ್ಣದ ಚೀಲವನ್ನು ಮೇಜಿನ ಮೇಲೆ ಬಿಚ್ಚಿ ಎಣಿಸಬೇಡ. ವರ್ಜೀನಿಯಾದ ಚಳಿಗಾಲದ ಒಣ ಹವೆಯಲ್ಲಿ ಕಾರ್ಪೆಟ್ ಮೇಲೆ ನಡೆದು ಬಂದ ಬೆರಳಿನಲ್ಲಿ, ನಿನಗೆ ಗೊತ್ತೇ ಆಗದಷ್ಟು ವಿದ್ಯುತ್ತು ಸಾಕು ಕೆಲವು ಚಿಪ್ಪುಗಳನ್ನು ಕೊಲ್ಲಲು.

ಸಂಖ್ಯೆಗಳ ವಿಷಯ ಬೇಗ ಕಲಿತುಬಿಡುತ್ತೀಯ. ಹದಿಮೂರು ಅಂಕಿಯ ಸ್ಟಾಕ್ ನಂಬರಿನ ಮೊದಲ ನಾಲ್ಕು ವರ್ಗ ಹೇಳುತ್ತವೆ: 5905 ರೆಸಿಸ್ಟರ್, 5910 ಕೆಪ್ಯಾಸಿಟರ್, 5935 ಕನೆಕ್ಟರ್, 5961 ಟ್ರಾನ್ಸಿಸ್ಟರು ಡಯೋಡು, 5962 ಚಿಪ್ಪು. ತಿಂಗಳೊಪ್ಪತ್ತಿನಲ್ಲಿ ನಿನಗೆ ಕನಸಿನಲ್ಲೂ ಬರುತ್ತವೆ.

ನಾಲಿಗೆಯ ಬಗ್ಗೆ ಒಂದು ಮಾತು, ಬೇಸರ ಮಾಡಿಕೊಳ್ಳಬೇಡ. ನಮ್ಮವರಿಗೆ ಕೆಲಸದ ಸುದ್ದಿ ಹಂಚಿಕೊಳ್ಳುವುದೆಂದರೆ ಪ್ರೀತಿ. ಬೆಂಗಳೂರಿನಲ್ಲಿ ನಿನ್ನ ಅಣ್ಣ ಎಲೆಕ್ಟ್ರಾನಿಕ್ಸ್ ಓದಿದವನು, ಜಾಣ. ಅರ್ಥವಾಗದ ಒಂದು ಡ್ರಾಯಿಂಗನ್ನು ಫೋಟೊ ತೆಗೆದು ಅವನಿಗೆ ವಾಟ್ಸಾಪ್ ಮಾಡೋಣ ಅನ್ನಿಸಬಹುದು. ಅಮೆರಿಕದ ಶಸ್ತ್ರಾಸ್ತ್ರ ರಫ್ತು ನಿಯಮದ ಪ್ರಕಾರ ಅದು ರಫ್ತು. ಪೆಟ್ಟಿಗೆ ಗಡಿ ದಾಟಬೇಕಾಗಿಲ್ಲ, ಒಂದು ಚಿತ್ರ ದಾಟಿದರೂ ಸಾಕು. ನಿನ್ನ ಮೇಜಿನ ಎದುರೇ ಕೂತ, ಪೌರತ್ವವೂ ಗ್ರೀನ್ ಕಾರ್ಡೂ ಇಲ್ಲದ ಗೆಳತಿಗೆ ತೋರಿಸಿದರೂ ಅದೇ ಲೆಕ್ಕ. ಹಾಗೆಯೇ ಕನ್ನಡ ಸಂಘದ ಪಿಕ್ನಿಕ್‌ನಲ್ಲಿ ಯಾವ ಹಡಗು ಯಾವ ಭಾಗಕ್ಕೆ ಕಾಯುತ್ತಾ ನಿಂತಿದೆ ಎಂಬ ಮಾತು ಬೇಡ. ಏನು ಕೆಲಸ ಎಂದು ಕೇಳಿದರೆ ಪರ್ಚೇಸ್ ಅನ್ನು. ಅಲ್ಲಿಗೇ ಎಲ್ಲರ ಆಸಕ್ತಿ ಬತ್ತಿಹೋಗುತ್ತದೆ, ಸಂಬಳ ಎಷ್ಟು ಎಂಬ ಪ್ರಶ್ನೆಯೊಂದು ಉಳಿಯುತ್ತದೆ ಅಷ್ಟೆ.

ಬೋರ್ಡು ಕಳಿಸಿದ ಮೇಲೆ ಹಳೆಯ, ಕೆಟ್ಟ ಬೋರ್ಡು ವಾಪಸು ಬಂತೇ ಎಂದು ಹಿಂದೆ ಬೀಳು. ರಿಪೇರಿಯಾಗುವ ಜಾತಿಯದಾದರೆ ಅದು ಡಿಪೋಗೆ ಹೋಗಿ ಸರಿಯಾಗಿ ಮತ್ತೆ ಕಪಾಟಿಗೆ ಬರಬೇಕು. ಯಾರೋ ಪುಣ್ಯಾತ್ಮರು ಡ್ರಾಯರಿನಲ್ಲಿ ಎಸೆದಿಟ್ಟರೆ ಮುಂದಿನ ಸಲ ಕೇಳಿದವರಿಗೆ ನೀನು ಮತ್ತೆ ಇಲ್ಲ ಅನ್ನಬೇಕಾಗುತ್ತದೆ. ಕೆಟ್ಟದ್ದನ್ನು ಹೊಸದರಷ್ಟೇ ಜೋಪಾನವಾಗಿ, ಅದೇ ಬೆಳ್ಳಿ ಚೀಲದಲ್ಲಿ ಹಾಕಿ ಕಳಿಸಲು ಹೇಳು. ದಾರಿಯಲ್ಲಿ ಸತ್ತ ಇನ್ನೆರಡು ಚಿಪ್ಪುಗಳನ್ನು ರಿಪೇರಿಯವನು ಹುಡುಕುತ್ತಾ ಕೂರಬಾರದು.

ಪರೀಕ್ಷೆ ಬೆಂಚಿಗೆ ಹೋಗುವಾಗ ಗ್ಲೌಸ್ ಹಾಕಿಕೋ, ಆಸಿಟೋನ್ ವಾಸನೆಗೆ ಫ್ಯಾನ್ ಹಾಕಿಸು, ಆಸಿಡ್ಡಿನ ಹತ್ತಿರ ಮಾತ್ರ ಅಲ್ಲಿಯವರು ಕರೆಯದೆ ಹೋಗಬೇಡ. ಕೈ ಸುಟ್ಟುಕೊಂಡೆ ಅಂತ ತಿಳಿದರೆ ಅಕ್ಕ ನಿನ್ನನ್ನು ಏನೂ ಅನ್ನುವುದಿಲ್ಲ, ಬೈಗುಳವೆಲ್ಲ ನನಗೆ.